ಕೇರಂ ಬೋರ್ಡಿನ ವರ್ಗಾವಣೆ

ಕಡಲ ನಡುವಿನ ತೈಲ ರಿಗ್ಗಿಗೆ ನೌಕರರ ಮನಸ್ಸು ಅಳೆಯುವ ಯಂತ್ರ ಬಂತು. ಅದಕ್ಕೆ ಜಾಗ ಬೇಕೆಂದು ಹಳೇ ಕೇರಂ ಬೋರ್ಡನ್ನು ದಡಕ್ಕೆ ಸಾಗಿಸಲು ಆದೇಶವಾಯಿತು.

"ಇಲ್ಲಿ ಬೇಜಾರಾದವರೇ ಇಲ್ಲ ಅಜ್ಜಾ. ಎಲ್ಲರೂ ನಗುವ ಮುಖದ ಗುಂಡಿಯನ್ನೇ ಒತ್ತಿದ್ದಾರೆ," ಎಂದಿತು ಯಂತ್ರ, ಬೋರ್ಡಿಗೆ.

"ಕ್ರೇನ್ ನಡೆಸುವ ವಾಮನ ಮೆಂಡನ್ ಕೂಡ?"

"ಎರಡು ಸಲ."

"ಅಳುವ ಮುಖ ಒತ್ತಿದರೆ ಕೆಲಸ ಹೋಗುತ್ತದೆಂಬ ಹೆದರಿಕೆ ಅವನಿಗೆ," ಎಂದಿತು ಬೋರ್ಡು. "ಅವನ ತಾಯಿ ತೀರಿಕೊಂಡ ವರ್ಷ, ಗುಳಿಯ ಬಾಯಲ್ಲಿದ್ದ ಕೆಂಪು ಕಾಯನ್ನೇ ತಪ್ಪಿಸಿದ. ಉಳಿದ ಮೂವರೂ ಆಟ ನಿಲ್ಲಿಸಿ, 'ಏನಾಯ್ತು ಮಾರಾಯ?' ಎಂದರು. ಆ ಆಟ ಇವತ್ತಿಗೂ ಮುಗಿದಿಲ್ಲ."

"ಅದರ ವರದಿ ಇದೆಯೇ?"

"ಇಲ್ಲಪ್ಪ."

ಬೋರ್ಡನ್ನು ಕ್ರೇನಿನ ಬುಟ್ಟಿಗೆ ಹಾಕಿದರು. ಕ್ರೇನು ಅದನ್ನು ಎತ್ತಿ, ದಡಕ್ಕೆ ಹೋಗುವ ಹಡಗಿನ ನೇರಕ್ಕೆ ಒಯ್ದು, ಮತ್ತೆ ರಿಗ್ಗಿನ ಮೇಲೆಯೇ ಇಳಿಸಿತು.

"ಗಾಳಿ ಜೋರಿದೆ ಸಾರ್," ಎಂದ ವಾಮನ. ಕಂಬದ ಬಾವುಟ ಅಲುಗಾಡುತ್ತಿರಲಿಲ್ಲ.