ಉಸ್ತೀನ್ಯಾಳ ಒರಗು

ರಷ್ಯಾದ ಉತ್ತರದಲ್ಲಿ, ಶೋಲ್ಮಾ ಎಂಬ ಕಂದುನೀರಿನ ಹೊಳೆಗೆ ಕಟ್ಟೆ ಹಾಕಿದ ಕಡೆ, ಹೊಳೆಯದೇ ಹೆಸರಿನ ಸಣ್ಣದೊಂದು ಕಾರ್ಖಾನೆಯ ಊರಿದೆ. ಮೂರು ಕಡೆ ಜೌಗು ನೆಲ, ಒಂದು ಕಡೆ ಪೈನ್ ಮರಗಳ ಕಾಡು. ಈಗ ಅಲ್ಲಿರುವುದು ಮರ ಕೊಯ್ಯುವ ಮಿಲ್ಲು, ಬಣ್ಣ ಕಳೆದುಕೊಂಡ ನಾಲ್ಕಾರು ಕಟ್ಟಡ, ಮನಸ್ಸು ಬಂದಾಗ ಬರುವ ರೈಲು. ಕಟ್ಟೆಯ ಕೆಳಗೆ ಗಾಡಿಯಷ್ಟು ದೊಡ್ಡ ಕಬ್ಬಿಣದ ಗಟ್ಟಿಯೊಂದು ನೆಲದಲ್ಲಿ ಅರ್ಧ ಹೂತು ಕೂತಿದೆ. ಅದನ್ನು ಊರವರು ಉಸ್ತೀನ್ಯಾಳ ಒರಗು ಎನ್ನುತ್ತಾರೆ. ಹೊಸಬರಿಗೆ ನಗು ಬರುತ್ತದೆ. ಚಳಿಗಾಲದಲ್ಲಿ ಮುಟ್ಟಿದರೆ ಚರ್ಮ ಕಿತ್ತುಕೊಳ್ಳುವ ಕಬ್ಬಿಣಕ್ಕೆ ಯಾವ ಪುಣ್ಯಾತ್ಗಿತ್ತಿ ಬೆನ್ನು ಕೊಟ್ಟಾಳು ಎಂದು ಕೇಳುತ್ತಾರೆ.

ಹಿಂದೆ ಒಮ್ಮೆ, ಚಕ್ರವರ್ತಿಗಳ ಕಾಲದಲ್ಲಿ, ಇಲ್ಲಿ ಮೂರಾಳೆತ್ತರದ ಕುಲುಮೆಯೊಂದಿತ್ತು. ಕಟ್ಟೆಯ ತೂಬಿನಿಂದ ನೀರು ಬಿದ್ದು ಚಕ್ರ ತಿರುಗಬೇಕು, ಚಕ್ರ ತಿರುಗಿ ತಿದಿ ಊದಬೇಕು. ಗಾಳಿ ನಿಂತರೆ ಕರಗುತ್ತಿರುವ ಕಬ್ಬಿಣ ಕುಲುಮೆಯ ಹೊಟ್ಟೆಯಲ್ಲೇ ಹೆಪ್ಪುಗಟ್ಟಿ ಕುಲುಮೆಯೇ ಹಾಳು. ಕುಲುಮೆಯ ಮೇಸ್ತ್ರಿ ಯೆರ್ಮೊಲಾಯ್. ತೂಬು ಕಾಯುವವಳು ಅವನ ಹೆಂಡತಿ ಉಸ್ತೀನ್ಯಾ. ಮಾಲೀಕ ರಾಜಧಾನಿಯಲ್ಲಿ ಸುಖವಾಗಿದ್ದ. ಇಲ್ಲಿ ಅವನ ಪರವಾಗಿ ದರ್ಬಾರು ನಡೆಸುತ್ತಿದ್ದವನು ಪಾರುಪತ್ಯಗಾರ ಅವೆರ್ಕಿ. ಚಾವಟಿ ಇಲ್ಲದೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಆ ವರ್ಷ ಹೊಳೆಯಾಚೆಯ ಹಳ್ಳಿಯವರು, ಹುಲ್ಲು ಕೊಯ್ಯುವ ಕಾಲದಲ್ಲಿ ಕುಲುಮೆಗೆ ಇದ್ದಿಲು ಹೊರುವುದಿಲ್ಲ ಎಂದರು. ಅವೆರ್ಕಿ ಮೂವರನ್ನು ಹೊಡೆಸಿ ಕೊಂದ. ಹಳ್ಳಿಯವರು ಅವನ ಇಬ್ಬರು ಸಿಪಾಯಿಗಳನ್ನು ಕೊಡಲಿಯಿಂದ ಕಡಿದು, ದಾರಿಗೆ ಮರ ಉರುಳಿಸಿ ಒಳಗೆ ಕೂತರು. ಅವೆರ್ಕಿಯ ಬಳಿ ಫಿರಂಗಿಗಳಿದ್ದವು, ಗುಂಡು ಮುಗಿದಿತ್ತು. ಯೆರ್ಮೊಲಾಯ್‌ನ ಕಾಲಿಗೆ ಸರಪಳಿ ಬಿಗಿಸಿ ಗುಂಡಿನ ಎರಕಕ್ಕೆ ನಿಲ್ಲಿಸಿದ. ಆ ಹಳ್ಳಿಯಲ್ಲೇ, ಅಜ್ಜಿಯ ಮನೆಯಲ್ಲಿ, ಉಸ್ತೀನ್ಯಾಳ ಇಬ್ಬರು ಹೆಣ್ಣುಮಕ್ಕಳಿದ್ದರು.

ಎರಕದ ದಿನ ಬೆಳಿಗ್ಗೆ, ಅದಿರು ಇನ್ನೂ ಪೂರ್ತಿ ಕರಗುವ ಮೊದಲೇ, ಚಕ್ರ ನಿಂತಿತು. ಉಸ್ತೀನ್ಯಾ ತೂಬಿನ ಹಲಗೆ ಇಳಿಸಿ ನೀರು ನಿಲ್ಲಿಸಿ, ತೂಬಿನ ಕೋಣೆಗೆ ಒಳಗಿನಿಂದ ಅಗುಳಿ ಹಾಕಿ ಕೂತಿದ್ದಳು. ಸಿಪಾಯಿಗಳು ಬಾಗಿಲಿಗೆ ಕೊಡಲಿ ಹಾಕಿದರು. ದಪ್ಪ ದಿಮ್ಮಿಯ ಬಾಗಿಲು, ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕುಲುಮೆಯ ಬಾಯಿ ಕಟ್ಟೆಯ ಮಟ್ಟಕ್ಕೇ ಇತ್ತು, ನಡುವೆ ಮರದ ಸೇತುವೆ. ಅವೆರ್ಕಿ ಯೆರ್ಮೊಲಾಯ್‌ನನ್ನು ಆ ಬಾಯಿಯ ಅಂಚಿಗೆ ಎಳೆಸಿದ. ಕಿಟಕಿಯಿಂದ ಅವಳಿಗೆ ಎಲ್ಲವೂ ಕಾಣುತ್ತಿತ್ತು.

"ನೀರು ಬಿಡೇ! ಇಲ್ಲಾಂದ್ರೆ ಇವನನ್ನೇ ಇದ್ದಿಲಿನ ಜೊತೆ ಒಳಗೆ ಹಾಕಿಸ್ತೀನಿ!" ಎಂದು ಅವೆರ್ಕಿ ಅರಚಿದ.

ಉಸ್ತೀನ್ಯಾಳ ಕೈ ತೂಬಿನ ಹಿಡಿಗೆ ಹೋಯಿತು. ಎತ್ತಿದರೆ ಗಂಡ ಉಳಿದಾನು. ಸಂಜೆಯೊಳಗೆ ಮಕ್ಕಳ ಮೇಲೆ ಗುಂಡು ಬಿದ್ದೀತು.

"ನೀರು ಬಿಡಬೇಡ ಕಣೇ, ಉಸ್ತ್ಯಾ!" ಎಂದು ಯೆರ್ಮೊಲಾಯ್ ಕೂಗಿದ. "ಮಕ್ಕಳನ್ನ ನೋಡ್ಕೋ!"

ಅವಳು ಹಿಡಿಯಿಂದ ಕೈ ತೆಗೆದಳು. ಅವನನ್ನು ತಳ್ಳಿದರು. ಅವಳು ಕಣ್ಣು ಮುಚ್ಚಲಿಲ್ಲ ಎನ್ನುತ್ತಾರೆ. ಬಾಗಿಲು ಮುರಿದು ಒಳನುಗ್ಗಿದವರು ಅವಳ ಬೆರಳುಗಳನ್ನು ಒಂದೊಂದಾಗಿ ಮುರಿದು, ಸಾಯುವಂತೆ ಬಡಿದು, ಸತ್ತಳೆಂದೇ ತಿಳಿದು ಕಟ್ಟೆಯ ಕೆಳಕ್ಕೆ ಎಸೆದರು. ಅಷ್ಟರಲ್ಲಿ ಕಬ್ಬಿಣ ಹೆಪ್ಪುಗಟ್ಟಿತ್ತು. ಅವೆರ್ಕಿ ಕುಲುಮೆಯ ಗೋಡೆಯನ್ನೇ ಒಡೆಸಿದ. ಸುತ್ತಲಿನ ಕಲ್ಲು ಬಿತ್ತೇ ಹೊರತು ಗಟ್ಟಿ ಅಲುಗಲಿಲ್ಲ. ಹಳ್ಳಿಯವರು ಅಷ್ಟು ಹೊತ್ತಿಗೆ ಮಕ್ಕಳುಮರಿ ಕಟ್ಟಿಕೊಂಡು ಜೌಗು ದಾಟಿ ಕಾಡು ಸೇರಿದ್ದರು. ಮಾಲೀಕ ಅವೆರ್ಕಿಯನ್ನು ಬೇಡಿ ಹಾಕಿಸಿ ಕರೆಸಿಕೊಂಡ. ಸತ್ತವರಿಗಾಗಿ ಅಲ್ಲ, ಕುಲುಮೆ ಹಾಳಾದದ್ದಕ್ಕೆ. ದೊಡ್ಡವರ ನ್ಯಾಯ ಯಾವತ್ತೂ ಹೀಗೆಯೇ.

ಕಾಡಿಗೆ ಹೋದ ಹೆಂಗಸರು ಮೊದಲ ಹಿಮ ಬಿದ್ದ ಮೇಲೆ ಹಿಂದಿರುಗಿದರು. ಎಲ್ಲೆಲ್ಲೂ ಹಿಮ, ಆ ಗಟ್ಟಿಯ ಮೇಲೆ ಮಾತ್ರ ಇಲ್ಲ. ಅಷ್ಟು ಕಬ್ಬಿಣದ ಕಾವು ಬೇಗ ಆರುವಂಥದ್ದಲ್ಲ ಎನ್ನುತ್ತಾರೆ ಊರವರು. ಸಾಯದೆ ಉಳಿದಿದ್ದ ಉಸ್ತೀನ್ಯಾ ಅದಕ್ಕೆ ಒರಗಿ ಕೂತಿದ್ದಳು. ಮಕ್ಕಳನ್ನು ಅವಳ ಮಡಿಲಿಗೆ ಹಾಕಿ, ಮನೆಗೆ ಬಾ ತಾಯಿ ಎಂದು ಕರೆದರು.

"ಇನ್ನೂ ಬೆಚ್ಚಗಿದ್ದಾನೆ ಕಣ್ರೇ," ಎಂದಳಂತೆ ಅವಳು. "ತಣ್ಣಗಾಗ್ಲಿ, ಬರ್ತೀನಿ."

ಇಂದು ಹೋದವರಿಗೂ ಗಟ್ಟಿಯ ಒಂದು ಮಗ್ಗುಲಲ್ಲಿ, ಕೂತ ಹೆಂಗಸಿನ ಬೆನ್ನಿನ ಎತ್ತರಕ್ಕೆ, ತುಕ್ಕಿಲ್ಲದ ನುಣುಪು ಜಾಗ ಕಾಣುತ್ತದೆ. ಗಂಡನನ್ನು ಮಣ್ಣು ಮಾಡಿ ಬರುವ ಊರ ಹೆಂಗಸರು ಮನೆ ಸೇರುವ ಮೊದಲು ಅಲ್ಲಿ ಒರಗಿ ಕೂರುತ್ತಾರೆ. ಜೊತೆಗೆ ಬಂದವರು ದೂರ ನಿಂತು ಕಾಯುತ್ತಾರೆ. ಎಷ್ಟು ಹೊತ್ತಾದರೂ ಏಳು ಎಂದು ಯಾರೂ ಹೇಳುವುದಿಲ್ಲ.