ಕೊನೆಯಲ್ಲೊಂದು ಸೊನ್ನೆ

ಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಸ ಗುಡಿಸುವ ಆಯಾ ಒಬ್ಬಳಿದ್ದಳು. ಗುಡಿಸಿಯಾದ ಮೇಲೆ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುವಳು. ಹಾಗೆ ಕೇಳಿ ಕೇಳಿ ಎಷ್ಟು ಕಲಿತಳೆಂದರೆ, ಏನಾದರೂ ಅನುಮಾನ ಬಂದರೆ ಹುಡುಗಿಯರು ವೃಷಭೇಂದ್ರ ಮೇಷ್ಟ್ರನ್ನು ಬಿಟ್ಟು ಅವಳನ್ನೇ ಕೇಳತೊಡಗಿದರು. ಮೇಷ್ಟ್ರಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅವಳ ಪೊರಕೆಯ ಸದ್ದು ಕೇಳಿದರೂ ಉರಿಯುವಷ್ಟು.

ಅಂದು, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಯನ್ನು ಗುರುತಿಸುವ ಪ್ರೋಗ್ರಾಂ ಪಾಠ. ಮೇಷ್ಟ್ರು ಹಲಗೆಯ ಆ ತುದಿಯಿಂದ ಈ ತುದಿಯವರೆಗೆ ಅಂಕಿ ತುಂಬಿದರು.

"ಏನಮ್ಮ ಪಂಡಿತೆ, ಇದು ಅಂಥ ಸಂಖ್ಯೆಯೋ ಅಲ್ಲವೋ? ಕಂಪ್ಯೂಟರಿಗಿಂತ ಮೊದಲು ಹೇಳು. ಸೋತರೆ ನಾಳೆಯಿಂದ ನಿನಗೆ ಪೊರಕೆ ಮಾತ್ರ, ಪಾಠವಿಲ್ಲ."

ಅಷ್ಟಕ್ಕೂ ಸಮಾಧಾನವಾಗದೆ, ಇನ್ನೂ ಕಷ್ಟವಾಗಲಿ ಎಂದು ಕೊನೆಗೊಂದು ಸೊನ್ನೆ ಸೇರಿಸಿದರು.

"ಅಲ್ಲ ಸಾರ್," ಎಂದಳು ಆಯಾ. ಮೇಷ್ಟ್ರ ಕೈ ಇನ್ನೂ ಕೀಬೋರ್ಡ್ ಮುಟ್ಟಿರಲಿಲ್ಲ.

"ಓದದೇ ಹೇಗೆ ಹೇಳಿದೆ?"

"ಕೊನೆಯಲ್ಲಿ ಸೊನ್ನೆ ಇದೆಯಲ್ಲ! ತಿರುಗಿಸಿದರೆ ಅದೇ ಮೊದಲು ಬರುತ್ತೆ. ಸೊನ್ನೆ ಎಲ್ಲರಿಗಿಂತ ಮುಂದೆ ಹೋಗಿ ನಿಂತರೆ ಯಾರು ಲೆಕ್ಕಕ್ಕೆ ತಗೋತಾರೆ ಸಾರ್?"

ಕ್ಲಾಸೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಮುಂದೆ ನಿಂತಿದ್ದವರು ಮೇಷ್ಟ್ರೇ.

"ಅಷ್ಟು ಗೊತ್ತಿದ್ದರೆ ನೀನೇ ಪಾಠ ಮಾಡು!" ಎಂದು ಅವರು ಸೀಮೆಸುಣ್ಣವನ್ನು ಅವಳ ಕೈಗೆ ತುರುಕಿ, ಹಿಂದಿನ ಬೆಂಚಿನಲ್ಲಿ ಅವಳ ಜಾಗದಲ್ಲೇ ಧೊಪ್ಪನೆ ಕೂತರು.

ಆಯಾ ಹಲಗೆಯ ಬಳಿ ಹೋಗಿ ಕೈಮುಗಿದಳು.

"ಉಪಕಾರವಾಯಿತು ಸಾರ್. ಸೊನ್ನೆ ಹಿಂದೆ ಕೂತರೆ ಮುಂದಿದ್ದವರ ಬೆಲೆ ಹತ್ತು ಪಟ್ಟು."