ಕಡಿಯೋಣವೋ, ಸವರೋಣವೋ?

ಆನೆಗಳಿಗೆ ಮರ ಉರುಳಿಸುವ ವಿದ್ಯೆ ಕಲಿಸಿದ್ದೇ ನಾನು. ಆಯಿತು, ಸುಳ್ಳು. ನಾನು ಆನೆಯನ್ನು ಹತ್ತಿರದಿಂದ ಕಂಡದ್ದು ಬೆಂಕಿಪೊಟ್ಟಣದ ಮೇಲೆ ಮಾತ್ರ. ಆದರೆ ಈ ಟೀ ಮುಗಿಯುವಷ್ಟರಲ್ಲಿ ಇನ್ನು ಮುಂದೆ ಹೇಳುವುದೆಲ್ಲ ನಿಜ. ಅನುಮಾನ ಬಂದರೆ ಇಟ್ಟುಕೊಳ್ಳಿ, ಈ ಕಥೆಗೆ ಅದು ಬೇಕಾಗುತ್ತದೆ.

ಒಂದು ಕಾಡಿನಲ್ಲಿ ಸೂಜಕ್ಕ ಎಂಬ ಮುಳ್ಳುಹಂದಿ ಇದ್ದಳು. ನೇರಳೆ ಮರವೊಂದರ ಬುಡದಲ್ಲಿ ಬಿಲ ತೋಡಿ, ಎರಡು ಮರಿಗಳನ್ನು ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದಳು. ಮರದ ಬೇರುಗಳೇ ಆ ಮನೆಯ ಗೋಡೆ, ಬೇರುಗಳೇ ಬಾಗಿಲಿನ ಚೌಕಟ್ಟು. ಸಂದು ಎಷ್ಟು ಕಿರಿದೆಂದರೆ ಅವಳೇ ಮುಳ್ಳು ಮಡಚಿಕೊಂಡು ನುಸುಳಬೇಕಿತ್ತು. ಸೂಜಕ್ಕನಿಗೆ ಅನುಮಾನ ಜಾಸ್ತಿ. ಯಾರಾದರೂ "ಊಟ ಆಯ್ತಾ?" ಎಂದರೂ ಸಾಕು, ಯಾಕೆ ಕೇಳಿದರೋ ಎಂದು ಬೆನ್ನಿನ ಮುಳ್ಳು ನೆಟ್ಟಗಾಗುತ್ತಿದ್ದವು.

ಆ ಮರದ ಒಂದು ಕೊಂಬೆ ನೆಲದಿಂದ ತುಸು ಮೇಲೆಯೇ ಕವಲೊಡೆದು, ಸರಿಯಾಗಿ ಬಾಗಿಲಿನ ಮೇಲೆ ವಾಲಿಕೊಂಡಿತ್ತು. ಅದರ ತುದಿಯಲ್ಲಿ ಕೆಂಜಿರುವೆಗಳು ಎಲೆ ಹೊಲಿದು ಗೂಡು ಕಟ್ಟಿದ್ದವು. ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಡುವ ಜನ ಅವು, ಹಿಂದೆ ಮುಂದೆ ಕೇಳುವವಲ್ಲ. ಒಂದು ದಿನ ಗಾಳಿ ಬೀಸಿದಾಗ ಕೊಂಬೆ 'ಕಿರ್ರ್' ಎಂದಿತು. ಸೂಜಕ್ಕ ತಲೆಯೆತ್ತಿ ನೋಡಿದಳು. ಕೊಂಬೆ ಬಿದ್ದರೆ ಬಾಗಿಲು ಮುಚ್ಚಿಹೋಗುತ್ತದೆ. ಒಳಗೆ ಮರಿಗಳು!

ಅದೇ ಹೊತ್ತಿಗೆ ನಾಜೂಕಯ್ಯ ಎಂಬ ನರಿ ಬಂದ. ಕರೆಯದೇ ಬಂದ.

"ಸೂಜಕ್ಕಾ, ನಿನ್ನ ಮರಿಗಳನ್ನು ನೆನೆಸಿಕೊಂಡರೆ ನಂಗೆ ಅನ್ನ ಸೇರ್ತಿಲ್ಲ ಕಣಮ್ಮ. ಈ ಮರ ಕಡಿಸಿಬಿಡು. ಬೇರು ಸಮೇತ ಕಿತ್ತು ಹಾಕಿಸು. ನಾನೇ ಮುಂದೆ ನಿಂತು ಮಾಡಿಸ್ತೀನಿ."

"ಕಿರ್ರ್ ಅಂದಿದ್ದು ಕೊಂಬೆ. ಬೇರು ಏನು ಮಾಡ್ತು?" ಎಂದಳು ಸೂಜಕ್ಕ.

"ಅಯ್ಯೋ, ಎಲ್ಲಾ ಒಂದೇ ಮರ ಅಲ್ವಾ!" ಎಂದು ನರಿ ನಕ್ಕ. ಸೂಜಕ್ಕನ ಮುಳ್ಳು ಅರ್ಧ ಎದ್ದವು.

ಅವಳು ಕೋತಿ ಕೆಂಚಪ್ಪನನ್ನು ಕೇಳಿದಳು. "ಒಂದೆಲೆ ಮುಟ್ಟಿದರೂ ಪಾಪ ಬರುತ್ತೆ!" ಎಂದ ಅವನು. ಹೇಳುವಾಗ ಬಾಯಿ, ಮೂಗು, ಗಡ್ಡ ಎಲ್ಲಾ ನೇರಳೆ ಬಣ್ಣ. 'ಹಣ್ಣು ತಿನ್ನೋನು ಇನ್ನೇನು ಹೇಳ್ತಾನೆ' ಎಂದುಕೊಂಡು ಸೂಜಕ್ಕ ಮರಕುಟಿಗ ಅಜ್ಜನ ಹತ್ತಿರ ಹೋದಳು.

ಅಜ್ಜ ಬಂದು ಕಾಂಡವನ್ನು ಕುಟ್ಟಿ ನೋಡಿದ. ಕೊಂಬೆಯನ್ನು ಕುಟ್ಟಿದ. ಕಿವಿ ಇಟ್ಟು ಕೇಳಿದ.

"ಮರ ಗಟ್ಟಿಯಾಗಿದೆ. ಈ ಕೊಂಬೆ ಮಾತ್ರ ಟೊಳ್ಳು. ಕಡೀಬೇಡ ಮಗಳೇ, ಸವರು."

ಸೂಜಕ್ಕ ಕಕ್ಕಾಬಿಕ್ಕಿಯಾದಳು. ಮುಳ್ಳುಹಂದಿಗಳಲ್ಲಿ ಯಾರೂ ಯಾರನ್ನೂ ಸವರುವ ಪದ್ಧತಿಯಿಲ್ಲ. ಸವರಲು ಹೋದವರ ಕೈ ಉಳಿಯುವುದಿಲ್ಲ.

"ಬೀಳೋ ಕೊಂಬೇನ ಮುದ್ದು ಮಾಡೋದಾ? ತಮಾಷೆ ಮಾಡ್ತೀಯಾ ಅಜ್ಜ?"

"ಮುದ್ದು ಅಲ್ಲ ತಾಯಿ! ಬೇಡದ ಕೊಂಬೆ ತೆಗೆದು ಮರ ಉಳಿಸಿಕೊಳ್ಳೋದಕ್ಕೂ ಸವರೋದು ಅಂತಾರೆ."

"ಹಂಗಾ! ಅದರಲ್ಲಿ ನಿಂಗೇನು ಲಾಭ?"

"ಲಾಭವಾ? ಟೊಳ್ಳು ಕೊಂಬೆ ತುಂಬಾ ಹುಳು. ಅದು ಹೋದರೆ ನನ್ನ ನಾಷ್ಟಾನೇ ಹೋಯ್ತು," ಎಂದು ಅಜ್ಜ ಪೆಚ್ಚುಮುಖ ಹಾಕಿಕೊಂಡು ಹಾರಿಹೋದ.

ಸೂಜಕ್ಕನ ಮುಳ್ಳು ಮೆಲ್ಲಗೆ ಮಲಗಿದವು. ತನಗೆ ನಷ್ಟವಾದರೂ ಈ ಮಾತು ಹೇಳಿದನಲ್ಲ! ಹಾಗಾದರೆ ನರಿಗೆ ಏನು ಲಾಭ? ಅವಳು ಬಾಗಿಲಲ್ಲಿ ಕುಳಿತು ಗೋಡೆಯ ಬೇರುಗಳನ್ನು ನೋಡಿದಳು. ಬೇರು ಕಿತ್ತರೆ ಗೋಡೆ ಕಿತ್ತ ಹಾಗೆ. ಗೋಡೆ ಹೋದರೆ ಮರಿಗಳು ಬಟಾಬಯಲಿನಲ್ಲಿ. ಮುಳ್ಳು ಒಂದೇ ಸಲ ಎದ್ದವು.

ಮರುದಿನ ಅವಳು ನರಿಗೆ ಹೇಳಿ ಕಳಿಸಿದಳು. "ಮರದ ಕೆಲಸ ಇವತ್ತೇ. ನನ್ನ ಹಲ್ಲೇ ಸಾಕು. ನೀವು ಬಂದು ನಿಂತ್ಕೊಳ್ಳಿ."

ನಾಜೂಕಯ್ಯ ಓಡಿ ಬಂದ. "ಮರಿಗಳು ಎಲ್ಲಿ?"

"ಯಾಕೆ ನಾಜೂಕಯ್ಯನೋರೇ?"

"ಒಳಗೇ ಇರಲಿ ಅಂತ. ಹೊರಗೆ ಗಾಳಿ ಕಣಮ್ಮ, ಶೀತ ಆಗುತ್ತೆ."

ಮರ ಉರುಳುವಾಗ ಮರಿಗಳು ಒಳಗಿರಬೇಕಂತೆ! ಸೂಜಕ್ಕ ಬೆಳಗ್ಗೆಯೇ ಮರಿಗಳನ್ನು ದೂರದ ಬಂಡೆಯ ಹಿಂದೆ ಕೂರಿಸಿ ಬಂದಿದ್ದಳು. ಅದನ್ನು ಅವನಿಗೆ ಹೇಳಲಿಲ್ಲ.

"ದೂರ ನಿಂತ್ಕೊಳ್ಳಿ, ಮೇಲಿಂದ ಏನಾದರೂ ಬಿದ್ದೀತು," ಎಂದಷ್ಟೇ ಹೇಳಿದಳು.

ನರಿ ತಲೆಯಾಡಿಸಿದ. ದೂರ ಮಾತ್ರ ಹೋಗಲಿಲ್ಲ. ಒಂದೊಂದೇ ಹೆಜ್ಜೆ ಜರುಗಿ ಬಾಗಿಲ ಮುಂದೆಯೇ ಬಂದು ನಿಂತ. ನಾಲಿಗೆ ಹೊರಗಿತ್ತು. ಸೂಜಕ್ಕ ಕವಲಿನಲ್ಲಿ ಹಲ್ಲು ಹಾಕಿ ಕರಕರ ಕೊರೆಯತೊಡಗಿದಳು.

"ಅಲ್ಲಲ್ಲ! ಕೊಂಬೆ ಅಲ್ಲ!" ನರಿ ಕುಣಿದಾಡಿದ. "ಬುಡ! ಬುಡ ಕಡಿ! ಕಡಿ, ಕಡಿ, ಕಡಿ!"

ಕೊಂಬೆ 'ಕಿರ್ರ್' ಎಂದಿತು, 'ಲಟ್' ಎಂದಿತು. ದೊಪ್ಪನೆ ಬಾಗಿಲಿನ ಮುಂದೆ, ನಾಜೂಕಯ್ಯನ ಬೆನ್ನಿನ ಮೇಲೆ ಬಿತ್ತು. ಜೊತೆಗೆ ಗೂಡೂ ಬಿತ್ತು.

ಕೆಂಜಿರುವೆಗಳು ಹೊರಗೆ ಬಂದು ಮುಖ ಮುಖ ನೋಡಿಕೊಂಡವು. "ಯಾರೋ ಕಡಿ ಅಂದ್ರಲ್ಲ?" "ಇವರೇ ಅಂದಿದ್ದು!" "ಬುಡ ಅಂತಾನೂ ಅಂದ್ರಪ್ಪ!" ಇರುವೆಗಳಿಗೆ ಕಡಿ ಎಂದರೆ ಒಂದೇ ಅರ್ಥ. ಬಾಲದ ಬುಡದಿಂದಲೇ ಶುರು ಮಾಡಿದವು.

"ಸಾಕು! ಅಯ್ಯಯ್ಯೋ, ಸಾಕು!" ನರಿ ಕೊಂಬೆಯಡಿಯಿಂದ ನುಸುಳಿ, ಲಾಗ ಹಾಕುತ್ತಾ ಓಡಿದ.

"ಸವರಿಕೊಳ್ಳಿ ನಾಜೂಕಯ್ಯನೋರೇ!" ಸೂಜಕ್ಕ ಹಿಂದಿನಿಂದ ಕೂಗಿದಳು. "ಕಡಿದ ಮೇಲೆ ಸವರಿಕೊಂಡರೆ ಉರಿ ಕಮ್ಮಿಯಾಗುತ್ತೆ!"

ಇರುವೆಗಳು ಅದೇ ಮರದ ಮೇಲಿನ ಕೊಂಬೆಗೆ ಹೋಗಿ ಹೊಸ ಗೂಡು ಹೊಲಿದವು. ಮರ ನಿಂತೇ ಇತ್ತು. ಬಾಗಿಲಿಗೆ ಬಿಸಿಲು ಬಂತು. ಮರಿಗಳು ಆ ಬಿಸಿಲಲ್ಲಿ ಉರುಳಾಡಿದವು. ಬಿದ್ದ ಕೊಂಬೆಯಲ್ಲಿದ್ದ ಹುಳುಗಳನ್ನು ಸೂಜಕ್ಕ ಅಜ್ಜನಿಗೇ ಬಿಟ್ಟುಕೊಟ್ಟಳು. ಅಜ್ಜ ಮಾತ್ರ ಕೊಂಬೆಯ ಮೇಲೆ ಕುಳಿತು ಅನುಮಾನದಿಂದ ಕೇಳಿದ: "ಇದರಲ್ಲಿ ನಿಂಗೇನು ಲಾಭ ಮಗಳೇ?"

ನೀತಿ: ಸಲಹೆ ಕೇಳುವಾಗ, ಕೊಡುವವರ ಕಣ್ಣು ಎಲ್ಲಿದೆ ಎಂದೂ ನೋಡಬೇಕು, ಒಂದು ಕೆಟ್ಟ ಕೊಂಬೆಗಾಗಿ ಇಡೀ ಮರವನ್ನು ಕಳೆದುಕೊಳ್ಳಬಾರದು.

ನನ್ನ ಸಲಹೆ ಕೇಳಿದರೆ, ಈ ಟೀ ದುಡ್ಡು ನೀವೇ ಕೊಟ್ಟುಬಿಡುವುದು ಒಳ್ಳೆಯದು. ಯಾಕೆ, ನನ್ನ ಕಣ್ಣನ್ನೇ ನೋಡುತ್ತಿದ್ದೀರಲ್ಲ?